ತಪ್ಪಿದ ಗಳಿಗೆಯ ದಂಡ: ಅಚೌರ್ಯದ ದೃಷ್ಟಿಯಿಂದ ಒಂದು ವಿಮರ್ಶೆ

ಗೃಹಸ್ಥನ ವ್ಯವಹಾರವು ಹಣ ಮತ್ತು ಸರಕುಗಳಿಗೆ ಮಾತ್ರ ಸೀಮಿತವಾದುದಲ್ಲ. ಮಾತು ಕೊಡುವುದು, ಕಾಲವನ್ನು ಗೊತ್ತುಪಡಿಸುವುದು, ಒಬ್ಬರು ಮತ್ತೊಬ್ಬರಿಗಾಗಿ ಕಾದಿರುವುದು ಇವೆಲ್ಲವೂ ವ್ಯವಹಾರವೇ. ತಕ್ಕಡಿಯ ಮುಂದೆ ಕುಳಿತವನಿಗೆ ಅಣುವ್ರತಗಳು ಹೇಗೆ ಅನ್ವಯಿಸುತ್ತವೆಯೋ ಗಡಿಯಾರದ ಮುಂದೆ ಕುಳಿತವನಿಗೂ ಹಾಗೆಯೇ ಅನ್ವಯಿಸುತ್ತವೆ. ಆದರೆ ತೂಕದ ವಿಷಯದಲ್ಲಿ ಶ್ರಾವಕರಿಗಿರುವ ಎಚ್ಚರವು ಕಾಲದ ವಿಷಯದಲ್ಲಿ ಇದೆಯೆಂದು ಹೇಳಲಾಗದು. ಒಂದು ಹಿಡಿ ಬೇಳೆ ಹೆಚ್ಚು ಬಂದರೆ ಮರಳಿಸುವ ಮನೆಯವರೇ ಮತ್ತೊಬ್ಬರ ಒಂದು ತಾಸನ್ನು ಹಾಳುಮಾಡಿ ಆ ಬಗ್ಗೆ ಯೋಚಿಸದಿರುವುದುಂಟು. ಈ ಪ್ರಶ್ನೆಯನ್ನು ಇಂದು ಮುನ್ನೆಲೆಗೆ ತಂದಿರುವುದು ಮನೋಚಿಕಿತ್ಸೆ ಮತ್ತು ಆಪ್ತಸಮಾಲೋಚನೆಯ ಕ್ಷೇತ್ರದಲ್ಲಿ ರೂಢಿಗೆ ಬಂದಿರುವ ಒಂದು ನಿಯಮ. ಗೊತ್ತುಪಡಿಸಿದ ವೇಳೆಗೆ ರೋಗಿ ಬಾರದಿದ್ದರೆ, ಅಥವಾ ಬರಲಾಗುವುದಿಲ್ಲವೆಂದು ಸಾಕಷ್ಟು ಮುಂಚಿತವಾಗಿ ತಿಳಿಸದಿದ್ದರೆ, ನಡೆಯದ ಆ ಭೇಟಿಗೂ ಶುಲ್ಕವನ್ನು ಕೊಡತಕ್ಕದ್ದು ಎಂಬುದೇ ಆ ನಿಯಮ. ಇದನ್ನು ರದ್ದು ಶುಲ್ಕವೆಂದು ಕರೆಯುತ್ತಾರೆ. ಇದು ನ್ಯಾಯವಾದ ಬೆಲೆಯೋ ಅನ್ಯಾಯವಾದ ದಂಡವೋ ಎಂಬುದು ವಿಚಾರಣೀಯವಾದ ವಿಷಯ.

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರಗಳ ಕುಟುಂಬಗಳಿಗೆ ಈ ನಿಯಮ ಎದುರಾಗುವುದು ಹೆಚ್ಚಾಗಿ ಎರಡು ಕಡೆಗಳಲ್ಲಿ. ಒಂದು, ಬೆಂಗಳೂರಿನ ಖಾಸಗಿ ಸಮಾಲೋಚಕರಲ್ಲಿ; ಇನ್ನೊಂದು, ದೂರವಾಣಿ ಅಥವಾ ವಿಡಿಯೋ ಮೂಲಕ ನಡೆಯುವ ಸಮಾಲೋಚನೆಯಲ್ಲಿ. ಕೇಂದ್ರ ಸರ್ಕಾರವು ದೂರವೈದ್ಯಕ್ಕೆ ಮಾರ್ಗಸೂಚಿಗಳನ್ನು ಹೊರಡಿಸಿದ 2020ರ ಮಾರ್ಚ್ ತಿಂಗಳ ತರುವಾಯ ಈ ಎರಡನೆಯ ಬಗೆ ಬಹಳ ಬಳಕೆಗೆ ಬಂದಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ಶುಲ್ಕವಿಲ್ಲ. ಆದರೆ ಅಲ್ಲಿ ಒಬ್ಬರಿಗೆಂದೇ ಮೀಸಲಿಟ್ಟ ವೇಳೆಯೂ ಸಾಮಾನ್ಯವಾಗಿ ಇರುವುದಿಲ್ಲ, ಸರತಿಯಲ್ಲಿ ಕಾಯಬೇಕು. ವೇಳೆಯನ್ನು ಮೀಸಲಿಡುವ ಏರ್ಪಾಡು ಎಲ್ಲಿದೆಯೋ ಅಲ್ಲಿ ಮಾತ್ರ ವೇಳೆ ತಪ್ಪಿದ್ದಕ್ಕೆ ಬೆಲೆ ಕಟ್ಟುವ ಪ್ರಶ್ನೆ ಹುಟ್ಟುತ್ತದೆ. ಬಸದಿಯ ಟ್ರಸ್ಟುಗಳು ಔಷಧಾಲಯದೊಡನೆ ಸಮಾಲೋಚನೆಯ ಕೊಠಡಿಯೊಂದನ್ನು ತೆರೆಯಲು ಯೋಚಿಸುವಾಗ ಪಟ್ಟಣದ ಈ ನಿಯಮವನ್ನೇ ಅಚ್ಚುಹಾಕಿಸಿ ಗೋಡೆಗೆ ಅಂಟಿಸುವ ಸಂಭವವಿದೆ. ಆದ್ದರಿಂದ ಇದರ ಮೂಲವನ್ನೂ ತರ್ಕವನ್ನೂ ಪರಿಶೀಲಿಸುವುದು ಅಗತ್ಯ.

ಈ ನಿಯಮಕ್ಕೆ ಶಾಸ್ತ್ರೀಯವಾದ ಸಮರ್ಥನೆಯನ್ನು ಒದಗಿಸಿದವನು ಮನೋವಿಶ್ಲೇಷಣೆಯ ಪ್ರವರ್ತಕನಾದ ಸಿಗ್ಮಂಡ್ ಫ್ರಾಯ್ಡ್. ಚಿಕಿತ್ಸೆಯ ಆರಂಭವನ್ನು ಕುರಿತು 1913ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವನು ಕಾಲ ಮತ್ತು ಹಣ ಎರಡನ್ನೂ ಮುಚ್ಚುಮರೆಯಿಲ್ಲದೆ ಚರ್ಚಿಸಿದ್ದಾನೆ. ಅವನ ಪದ್ಧತಿ ಸರಳವಾದುದು. ದಿನದ ಒಂದು ನಿರ್ದಿಷ್ಟ ತಾಸನ್ನು ಒಬ್ಬ ರೋಗಿಗೆ ಕೊಡಲಾಗುತ್ತದೆ. ಆ ತಾಸು ಗುತ್ತಿಗೆಗೆ ಪಡೆದಂತೆ ಅವನದಾಗುತ್ತದೆ. ಬಳಸಿಕೊಂಡರೂ ಬಿಟ್ಟರೂ ಅದರ ಹೊಣೆ ಅವನದೇ. ಸಂಗೀತವನ್ನೋ ಭಾಷೆಯನ್ನೋ ಕಲಿಸುವ ಉಪಾಧ್ಯಾಯರ ವಿಷಯದಲ್ಲಿ ಗೌರವಸ್ಥರ ಮನೆಗಳು ಇದನ್ನು ಸಹಜವೆಂದು ಒಪ್ಪಿರುವಾಗ ವೈದ್ಯನ ವಿಷಯದಲ್ಲಿ ಏಕೆ ಒಪ್ಪಬಾರದು ಎಂಬುದು ಅವನ ಪ್ರಶ್ನೆ. ಅನಾರೋಗ್ಯದಿಂದ ಬರಲಾಗದಿದ್ದರೂ ಅವನು ವಿನಾಯಿತಿಯನ್ನು ಸುಲಭವಾಗಿ ಒಪ್ಪುವುದಿಲ್ಲ. ಸಡಿಲಬಿಟ್ಟರೆ ಆಕಸ್ಮಿಕವೆನ್ನುವ ಗೈರುಹಾಜರಿಗಳು ಬೆಳೆಯುತ್ತವೆ, ಬಿಗಿಹಿಡಿದರೆ ಅಂಥ ಆಕಸ್ಮಿಕಗಳೇ ಅಪರೂಪವಾಗುತ್ತವೆ ಎಂಬುದು ಅವನ ಅನುಭವ. ಕೆಲವರಿಗೆ ಉಚಿತವಾಗಿ ಚಿಕಿತ್ಸೆ ನೀಡಿ ನೋಡಿದ್ದಾಗಿಯೂ, ಅದರಿಂದ ರೋಗಿಯ ಒಳಗಿನ ಪ್ರತಿರೋಧ ಹೆಚ್ಚಿದ್ದಾಗಿಯೂ ಅವನು ಅದೇ ಪ್ರಬಂಧದಲ್ಲಿ ಹೇಳುತ್ತಾನೆ.

ಈ ವಾದದಲ್ಲಿರುವ ಸತ್ಯಾಂಶವನ್ನು ಮೊದಲು ಒಪ್ಪಬೇಕು. ಅಂಗಡಿಯವನ ಸರಕು ಇಂದು ಮಾರಾಟವಾಗದಿದ್ದರೆ ನಾಳೆ ಮಾರಾಟವಾದೀತು. ಸಮಾಲೋಚಕನ ಬೆಳಗಿನ ಹನ್ನೊಂದು ಗಂಟೆಯ ತಾಸು ಹನ್ನೆರಡಕ್ಕೆ ಕಳೆದುಹೋದರೆ ಮರಳಿ ಬಾರದು. ಒಂದು ದಿನಕ್ಕೆ ಐದೋ ಆರೋ ಮಂದಿಯ ಮಾತನ್ನು ಮಾತ್ರ ಮನಸ್ಸಿಟ್ಟು ಕೇಳಬಲ್ಲ ವೃತ್ತಿಯಲ್ಲಿ ಒಂದು ಭೇಟಿ ತಪ್ಪಿದರೆ ದಿನದ ಸಂಪಾದನೆಯಲ್ಲಿ ದೊಡ್ಡ ಪಾಲೇ ಹೋಗುತ್ತದೆ. ಮನಸ್ಸಿನ ಚಿಕಿತ್ಸೆಯಲ್ಲಿ ರೋಗಿಯು ನೋವಿನ ವಿಷಯ ಹತ್ತಿರ ಬಂದಾಗ ತಪ್ಪಿಸಿಕೊಳ್ಳಲು ನೆವ ಹುಡುಕುವುದೂ ನಿಜ. ಆದ್ದರಿಂದ ರದ್ದು ಶುಲ್ಕವನ್ನು ಬರಿಯ ಲೋಭವೆಂದು ತಳ್ಳಿಹಾಕುವುದು ಏಕಾಂತ ದೃಷ್ಟಿಯಾದೀತು. ವೈದ್ಯನೂ ಮನೆಮಂದಿಯುಳ್ಳವನು, ಅವನ ಕಾಲವನ್ನು ಬಿಟ್ಟಿಯೆಂದು ಭಾವಿಸುವ ಹಕ್ಕು ಯಾರಿಗೂ ಇಲ್ಲ.

ಆದರೆ ಒಂದು ನಿಯಮದ ಯುಕ್ತಾಯುಕ್ತತೆಯು ಅದು ಹುಟ್ಟಿದ ಪರಿಸ್ಥಿತಿಯನ್ನು ಅವಲಂಬಿಸಿರುತ್ತದೆ. ಫ್ರಾಯ್ಡನ ರೋಗಿಗಳು ಭಾನುವಾರ ಮತ್ತು ಹಬ್ಬಗಳನ್ನುಳಿದು ಪ್ರತಿದಿನವೂ, ತಿಂಗಳುಗಟ್ಟಲೆ ಅವನ ಬಳಿಗೆ ಬರುತ್ತಿದ್ದರು. ಒಬ್ಬನಿಗೆ ಕೊಟ್ಟ ತಾಸನ್ನು ಒಂದು ದಿನದ ಮಟ್ಟಿಗೆ ಇನ್ನೊಬ್ಬನಿಗೆ ಕೊಡುವಂತಿರಲಿಲ್ಲ. ಅವರಲ್ಲಿ ಬಹುಮಂದಿ ಅನುಕೂಲಸ್ಥರು. ಕೋಲಾರ ಸೀಮೆಯ ಸ್ಥಿತಿ ಬೇರೆ. ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರು. ಮುಳಬಾಗಿಲಿನಿಂದ ನೂರಕ್ಕೆ ಸಮೀಪ. ಮಾಲೂರಿನವರಿಗೆ ರೈಲಿದೆ, ಆದರೆ ರೈಲಿಳಿದ ಮೇಲೆ ನಗರದೊಳಗಿನ ಪ್ರಯಾಣ ಇನ್ನೊಂದು ಪ್ರಯಾಣ. ಶ್ರೀನಿವಾಸಪುರದ ಹಳ್ಳಿಯವರು ಮೊದಲು ಪಟ್ಟಣಕ್ಕೆ, ಅಲ್ಲಿಂದ ಕೋಲಾರಕ್ಕೆ, ಅಲ್ಲಿಂದ ಮುಂದಕ್ಕೆ ಬಸ್ಸು ಬದಲಿಸಬೇಕು. ರೋಗಿ ಒಬ್ಬನೇ ಹೊರಡುವಂತಿಲ್ಲ. ಮನೆಯ ಒಬ್ಬರು ಜೊತೆಗೆ ಬರಬೇಕು, ಅವರ ಆ ದಿನದ ದುಡಿಮೆ ನಿಲ್ಲಬೇಕು. ಮಾವಿನ ಕಾಯಿ ಕೀಳುವ ವಾರಗಳಲ್ಲಿ, ಟೊಮೆಟೊ ಮಂಡಿಗೆ ಹೋಗಬೇಕಾದ ಮುಂಜಾವಿನಲ್ಲಿ ಆ ಒಬ್ಬರನ್ನು ಬಿಡಿಸಿಕೊಳ್ಳುವುದೇ ಕಷ್ಟ. ಒಂದು ತಾಸಿನ ಭೇಟಿಗೆ ಇಡೀ ದಿನವನ್ನು ತೆತ್ತು ಬರುವವರಿಗೂ ಟ್ರಾಮಿನಲ್ಲಿ ಕೆಲವೇ ನಿಮಿಷಗಳ ದೂರ ಬರುತ್ತಿದ್ದವರಿಗೂ ಒಂದೇ ನಿಯಮವನ್ನು ಅನ್ವಯಿಸುವುದು ಮೇಲುನೋಟಕ್ಕೆ ಸಮಾನತೆ. ಒಳಗೆ ನೋಡಿದರೆ ಅಸಮಾನತೆ.

ಫ್ರಾಯ್ಡನೇ ತನ್ನ 1913ರ ನಿಲುವಿನಲ್ಲಿ ನಿಂತುಬಿಡಲಿಲ್ಲ ಎಂಬುದನ್ನು ಈ ನಿಯಮದ ಸಮರ್ಥಕರು ಸಾಮಾನ್ಯವಾಗಿ ಸ್ಮರಿಸುವುದಿಲ್ಲ. ಮೊದಲ ಮಹಾಯುದ್ಧ ಮುಗಿಯುತ್ತಿದ್ದ ಹೊತ್ತಿನಲ್ಲಿ, 1918ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟ್ ಸಮ್ಮೇಳನದಲ್ಲಿ ಮಾತನಾಡುತ್ತಾ ಅವನು, ಬಡವನಿಗೆ ಶಸ್ತ್ರಚಿಕಿತ್ಸೆ ದೊರೆಯುವಂತೆಯೇ ಮನಸ್ಸಿನ ಚಿಕಿತ್ಸೆಯೂ ದೊರೆಯಬೇಕೆಂದು ಸಮಾಜದ ಆತ್ಮಸಾಕ್ಷಿ ಒಂದು ದಿನ ಎಚ್ಚೆತ್ತು ಹೇಳುವುದೆಂದೂ, ಆಗ ಉಚಿತ ಚಿಕಿತ್ಸಾಲಯಗಳು ಏಳುವುವೆಂದೂ ನುಡಿದನು. ಎರಡು ವರ್ಷಗಳೊಳಗೆ, 1920ರಲ್ಲಿ, ಅವನ ಶಿಷ್ಯರು ಬರ್ಲಿನ್ನಿನಲ್ಲಿ ಅಂಥ ಚಿಕಿತ್ಸಾಲಯವನ್ನು ತೆರೆದರು; 1922ರಲ್ಲಿ ವಿಯೆನ್ನಾದಲ್ಲಿಯೂ ತೆರೆಯಿತು. ಕರ್ನಾಟಕದಲ್ಲಿಯೂ ಇದಕ್ಕೆ ನಿದರ್ಶನವಿದೆ. ನಿಮ್ಹಾನ್ಸ್‌ನಲ್ಲಿ ದೀರ್ಘಕಾಲ ಮನೋವೈದ್ಯರಾಗಿದ್ದು, ಮಾನಸಿಕ ಆರೋಗ್ಯವನ್ನು ಕುರಿತು ಕನ್ನಡದಲ್ಲಿ ನೂರಾರು ಪುಸ್ತಕಗಳನ್ನು ಬರೆದ ಡಾ. ಸಿ. ಆರ್. ಚಂದ್ರಶೇಖರ್ ಅವರು ನಿವೃತ್ತಿಯ ತರುವಾಯ ಬೆಂಗಳೂರಿನಲ್ಲಿ ‘ಸಮಾಧಾನ’ ಎಂಬ ಉಚಿತ ಸಮಾಲೋಚನಾ ಕೇಂದ್ರವನ್ನು ಸ್ಥಾಪಿಸಿದರು. ಹಣ ಕೊಟ್ಟರಷ್ಟೇ ರೋಗಿಗೆ ಚಿಕಿತ್ಸೆಯಲ್ಲಿ ಶ್ರದ್ಧೆ ಹುಟ್ಟುತ್ತದೆಂಬ ಮಾತನ್ನು ಸಾರ್ವತ್ರಿಕ ನಿಯಮವೆಂದು ಒಪ್ಪಲು ಇಂಥ ಸಂಸ್ಥೆಗಳು ಅಡ್ಡಿಯಾಗಿ ನಿಂತಿವೆ.

ಇನ್ನು ಜೈನಾಚಾರದ ಒರೆಗಲ್ಲಿಗೆ ಬರಬಹುದು. ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಕಳವು ಎಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ನಿರೂಪಿಸುತ್ತದೆ. ಈ ಲಕ್ಷಣವನ್ನು ಕಾಲಕ್ಕೆ ಅನ್ವಯಿಸಿದಾಗ ಮೊದಲ ಆಕ್ಷೇಪಣೆ ತಗಲುವುದು ಸಮಾಲೋಚಕನಿಗಲ್ಲ, ಹೇಳದೆ ಕೇಳದೆ ತಪ್ಪಿಸಿಕೊಳ್ಳುವ ಕುಟುಂಬಕ್ಕೆ. ಹಿಂದಿನ ದಿನವೇ ಬರಲಾಗದೆಂದು ಗೊತ್ತಿದ್ದೂ ಒಂದು ಕರೆ ಮಾಡದವರು ಇಬ್ಬರಿಂದ ತೆಗೆದುಕೊಳ್ಳುತ್ತಾರೆ. ವೈದ್ಯನಿಂದ ಅವನ ತಾಸನ್ನು. ಅದಕ್ಕಿಂತ ಮುಖ್ಯವಾಗಿ, ಆ ತಾಸಿಗಾಗಿ ವಾರಗಟ್ಟಲೆ ಕಾದಿರುವ ಇನ್ನೊಬ್ಬ ರೋಗಿಯಿಂದ ಅವನ ಸರದಿಯನ್ನು. ಈ ಎರಡನೆಯವನು ಕಣ್ಣಿಗೆ ಬೀಳುವುದಿಲ್ಲ, ದೂರುವುದೂ ಇಲ್ಲ. ನಿದ್ರೆಯಿಲ್ಲದೆ ಇನ್ನೊಂದು ವಾರ ಕಳೆಯುವವನು ಅವನೇ. ಕಾಣದ ಜೀವಕ್ಕೂ ನೋವಾಗದಂತೆ ನೀರನ್ನು ಸೋಸಿ ಕುಡಿಯುವ ಸಂಪ್ರದಾಯದವರಿಗೆ ಕಾಣದ ಈ ಮನುಷ್ಯನ ನೋವು ಅರ್ಥವಾಗದೆ ಇರಲಾರದು.

ಹಾಗೆಂದು ತಪ್ಪಿದವನಿಂದ ಏನನ್ನಾದರೂ ಪಡೆಯಬಹುದೆಂದು ಆಗುವುದಿಲ್ಲ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ ಒಂದು. ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು ಅಳತೆ ಬಳಸುವುದೇ ಆ ದೋಷ. ಬಟ್ಟೆ, ಧಾನ್ಯ, ಚಿನ್ನಗಳ ವ್ಯಾಪಾರದಲ್ಲಿ ಇದನ್ನು ಎಲ್ಲರೂ ಬಲ್ಲರು. ಚಿಕಿತ್ಸೆಯ ಕೊಠಡಿಯಲ್ಲಿಯೂ ಇದೇ ಪರೀಕ್ಷೆ ಸಲ್ಲುತ್ತದೆ. ರೋಗಿ ಹದಿನೈದು ನಿಮಿಷ ತಡವಾದರೆ ಭೇಟಿ ರದ್ದು, ಶುಲ್ಕ ಪೂರ್ತಿ; ಸಮಾಲೋಚಕ ಮುಕ್ಕಾಲು ತಾಸು ಕಾಯಿಸಿದರೆ ಕ್ಷಮೆಯಷ್ಟೇ. ರೋಗಿ ಇಪ್ಪತ್ತನಾಲ್ಕು ತಾಸು ಮೊದಲು ತಿಳಿಸಬೇಕು. ಸಮಾಲೋಚಕ ಬೆಳಗ್ಗೆ ಸಂದೇಶ ಕಳುಹಿಸಿ ಮಧ್ಯಾಹ್ನದ ಭೇಟಿಯನ್ನು ಮುಂದೂಡಬಹುದು. ಅಷ್ಟು ಹೊತ್ತಿಗೆ ಮುಳಬಾಗಿಲಿನ ಕುಟುಂಬ ಅರ್ಧ ದಾರಿ ಬಂದಿರುತ್ತದೆ, ಅವರ ಬಸ್ಸಿನ ಖರ್ಚನ್ನು ಕೊಡುವವರಿಲ್ಲ. ಒಂದೇ ತಾಸಿಗೆ ಇಲ್ಲಿ ಎರಡು ಬಳ್ಳಗಳಿವೆ. ಇಬ್ಬರಿಗೂ ಒಂದೇ ಅಳತೆಯಿರುವ ನಿಯಮವು ಕಠಿಣವಾಗಿದ್ದರೂ ನ್ಯಾಯವಾಗಿರಬಲ್ಲದು. ಎರಡು ಅಳತೆಯ ನಿಯಮ ಮೃದುವಾಗಿದ್ದರೂ ಅನ್ಯಾಯವೇ.

ಇದೇ ದೋಷದ ಇನ್ನೊಂದು ರೂಪವು ತುಂಬಿದ ತಾಸಿಗೆ ಎರಡು ಬಾರಿ ಬೆಲೆ ಪಡೆಯುವುದು. ಒಬ್ಬ ರೋಗಿ ಹಿಂದಿನ ಸಂಜೆ ರದ್ದುಮಾಡಿದನೆಂದೂ, ಸಮಾಲೋಚಕನು ಕಾದಿರುವವರಲ್ಲಿ ಒಬ್ಬನನ್ನು ಆ ವೇಳೆಗೆ ಕರೆಸಿಕೊಂಡು 1,000 ರೂಪಾಯಿ ಪಡೆದನೆಂದೂ ಭಾವಿಸೋಣ. ಮೊದಲಿನವನಿಂದಲೂ 1,000 ರೂಪಾಯಿ ವಸೂಲಾದರೆ ಒಂದು ತಾಸು 2,000 ರೂಪಾಯಿಗೆ ಮಾರಾಟವಾದಂತಾಯಿತು. ಇಲ್ಲಿ ನಷ್ಟವೇ ಇಲ್ಲ. ಇಲ್ಲದ ನಷ್ಟವನ್ನು ತುಂಬಿಕೊಳ್ಳುವುದು ಹೇಗೆ? ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಅನ್ಯರು ಇಟ್ಟದ್ದನ್ನು, ಬೀಳಿಸಿಕೊಂಡದ್ದನ್ನು ಮಾತ್ರವಲ್ಲದೆ ಮರೆತದ್ದನ್ನು ತೆಗೆದುಕೊಳ್ಳುವುದೂ ಶ್ರಾವಕನಿಗೆ ಸಲ್ಲದೆಂದು ವಿಧಿಸಿದ್ದಾರೆ. ಮರೆವು ಒಬ್ಬನ ದೋಷವಾಗಿರಬಹುದು. ಅದು ಇನ್ನೊಬ್ಬನ ಲಾಭಕ್ಕೆ ಪರವಾನಗಿಯಾಗದು. ಆದ್ದರಿಂದ ರದ್ದು ಶುಲ್ಕಕ್ಕೆ ಧರ್ಮಸಮ್ಮತವಾದ ಆಧಾರ ಒಂದೇ. ತಾಸು ನಿಜವಾಗಿ ಖಾಲಿ ಹೋಗಿರಬೇಕು, ಅದನ್ನು ತುಂಬಲು ಪ್ರಯತ್ನ ನಡೆದಿರಬೇಕು, ನಿಯಮವು ಮೊದಲ ದಿನವೇ ರೋಗಿಗೆ ಅವನ ಭಾಷೆಯಲ್ಲಿ ತಿಳಿದಿರಬೇಕು. ಒಪ್ಪಂದದ ಕಾಗದದ ಕೆಳಗಿನ ಸಣ್ಣ ಅಕ್ಷರಗಳಿಗೆ ಸಹಿ ಹಾಕಿಸಿದ ಮಾತ್ರಕ್ಕೆ ‘ಕೊಟ್ಟದ್ದು’ ಎಂದಾಗುವುದಿಲ್ಲ. ಅರಿಯದೆ ಒಪ್ಪಿದ್ದು ಒಪ್ಪಿಗೆಯಲ್ಲ.

ದೇಶದ ಕಾನೂನೂ ಈ ನ್ಯಾಯದಿಂದ ದೂರವಿಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆಯ 74ನೆಯ ಪ್ರಕರಣದ ಪ್ರಕಾರ, ಒಪ್ಪಂದ ಮುರಿದರೆ ಇಷ್ಟು ಹಣವೆಂದು ಮೊದಲೇ ಬರೆದುಕೊಂಡಿದ್ದರೂ ಸಲ್ಲುವುದು ನ್ಯಾಯೋಚಿತವಾದ ಪರಿಹಾರ ಮಾತ್ರ. ಬರೆದ ಮೊತ್ತವು ಅದರ ಗರಿಷ್ಠ ಮಿತಿಯೇ ಹೊರತು ತಾನಾಗಿ ಬರುವ ಹಕ್ಕಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು, ಆದ ನಷ್ಟಕ್ಕೆ ತೀರ ಹೊಂದಿಕೆಯಾಗದ ದಂಡವನ್ನು ಗ್ರಾಹಕನ ಮೇಲೆ ಹೊರಿಸುವ ಕರಾರನ್ನು ಅನ್ಯಾಯದ ಕರಾರುಗಳಲ್ಲಿ ಸೇರಿಸಿದೆ. ಹಣ ಪಡೆದು ನೀಡುವ ವೈದ್ಯಕೀಯ ಸೇವೆಗೆ ಗ್ರಾಹಕ ಕಾನೂನು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲಿ ಭಾರತೀಯ ವೈದ್ಯಕೀಯ ಸಂಘ ಮತ್ತು ವಿ. ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನಿಸಿತು. ಆದರೂ ಕೆಲವು ನೂರು ರೂಪಾಯಿಗಳಿಗಾಗಿ ಆಯೋಗದ ಮೆಟ್ಟಿಲೇರುವವರು ಯಾರು? ನ್ಯಾಯಾಲಯ ತಲುಪದ ಇಂಥ ಚಿಕ್ಕ ಮೊತ್ತಗಳಲ್ಲಿಯೇ ಮನುಷ್ಯನ ಆಚಾರ ಪರೀಕ್ಷೆಗೆ ಒಳಗಾಗುತ್ತದೆ.

ಮನೋಚಿಕಿತ್ಸೆಯಲ್ಲಿ ಇನ್ನೂ ಒಂದು ವಿಶೇಷವಿದೆ. ಅದು ಎಲ್ಲಕ್ಕಿಂತ ಗಂಭೀರವಾದುದು. ಹಲ್ಲುನೋವಿನವನನ್ನು ನೋವೇ ವೈದ್ಯನ ಬಳಿಗೆ ದೂಡುತ್ತದೆ. ಖಿನ್ನತೆಯವನನ್ನು ನೋವು ಹಾಸಿಗೆಯಲ್ಲಿಯೇ ಹಿಡಿದಿಡುತ್ತದೆ. ಬೆಳಗ್ಗೆ ಏಳಲಾಗದಿರುವುದು, ಸ್ನಾನ ಮಾಡಲಾಗದಿರುವುದು, ಜನ ತುಂಬಿದ ಬಸ್ಸು ಹತ್ತಲು ಎದೆ ಹೊಡೆದುಕೊಳ್ಳುವುದು, ದಿನಾಂಕ ನೆನಪಿನಲ್ಲಿ ನಿಲ್ಲದಿರುವುದು ಇವು ಬೇಜವಾಬ್ದಾರಿಯ ಗುರುತುಗಳಲ್ಲ. ಯಾವ ಕಾಯಿಲೆಗೆಂದು ಚಿಕಿತ್ಸೆ ಆರಂಭವಾಯಿತೋ ಆ ಕಾಯಿಲೆಯ ಲಕ್ಷಣಗಳು. ಕುಂಟನಿಗೆ ನಿಧಾನವಾಗಿ ನಡೆದನೆಂದು ದಂಡ ಹಾಕಿದರೆ ಲೋಕ ನಗುತ್ತದೆ. ಮನಸ್ಸು ಕುಂಟುತ್ತಿರುವವನಿಗೆ ಅದನ್ನೇ ಮಾಡಿದರೆ ಶಿಸ್ತು ಎನ್ನುತ್ತದೆ. ಸಣ್ಣ ಊರುಗಳಲ್ಲಿ ಇದಕ್ಕೆ ಸಂಕೋಚವೂ ಸೇರುತ್ತದೆ. ಹೊರಡುವ ಹೊತ್ತಿಗೆ ನೆಂಟರು ಬಂದರೆ, ಸೊಸೆಯನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದೇವೆಂದು ಹೇಳಲಾರದೆ ಅತ್ತೆಯವರು ಪ್ರಯಾಣವನ್ನೇ ನಿಲ್ಲಿಸಬಹುದು. ವಿಡಿಯೋ ಮೂಲಕ ಮಾತನಾಡಲು ಪ್ರತ್ಯೇಕ ಕೋಣೆಯಿಲ್ಲದ ಮನೆಯಲ್ಲಿ ಹುಡುಗ ತಾರಸಿಗೆ ಹೋಗಿ ನಿಂತಾಗ ಸಂಪರ್ಕ ಕಡಿದುಹೋಗಬಹುದು. ಅದು ತಪ್ಪಿದ ಭೇಟಿಯೇ, ನಡೆದ ಭೇಟಿಯೇ? ನಿಯಮಪತ್ರದಲ್ಲಿ ಇದಕ್ಕೆ ಉತ್ತರವಿರುವುದು ಅಪರೂಪ.

ದಂಡದ ಪರಿಣಾಮವನ್ನೂ ನೋಡಬೇಕು. ಎರಡು ಬಾರಿ ತಪ್ಪಿಸಿಕೊಂಡು ಎರಡು ಶುಲ್ಕಗಳ ಬಾಕಿ ಹೊತ್ತ ಯುವಕ ಮೂರನೆಯ ಬಾರಿ ಬರುವನೆಂದು ನಂಬುವುದು ಕಷ್ಟ. ಬಾಕಿ ತೀರಿಸದೆ ಮುಖ ತೋರಿಸುವುದು ಹೇಗೆಂಬ ನಾಚಿಕೆ ಅವನಿಗೆ. ಮಾಡದ ಮಾತುಕತೆಗೆ ಹಣ ಏಕೆಂಬ ಸಿಟ್ಟು ಅವನ ತಂದೆಗೆ. ಚಿಕಿತ್ಸೆ ಅಲ್ಲಿಗೆ ನಿಲ್ಲುತ್ತದೆ. ಬಾಕಿಯಿರುವುದು ಕೆಲವು ನೂರು ರೂಪಾಯಿ. ಮುಚ್ಚಿಹೋಗುವುದು ಒಬ್ಬ ಮನುಷ್ಯನಿಗೆ ತೆರೆದಿದ್ದ ಒಂದೇ ಬಾಗಿಲು. ಹೋಗಲಿ, ದಂಡವು ಜನರಲ್ಲಿ ಹೊಣೆಗಾರಿಕೆಯನ್ನಾದರೂ ಬೆಳೆಸುತ್ತದೆಯೇ ಎಂದರೆ ಅದೂ ನಿಶ್ಚಿತವಲ್ಲ. ಅರ್ಥಶಾಸ್ತ್ರಜ್ಞರಾದ ಊರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಚೀನಿ ಇಸ್ರೇಲಿನ ಹೈಫಾ ನಗರದ ಹತ್ತು ಶಿಶುವಿಹಾರಗಳಲ್ಲಿ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾಗಿದೆ. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಾಯಿತಂದೆಯರಿಗೆ ಆರು ಕಡೆ ಸಣ್ಣ ದಂಡವನ್ನು ವಿಧಿಸಿದಾಗ ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು. ದಂಡವನ್ನು ತೆಗೆದುಹಾಕಿದ ಮೇಲೂ ಹಳೆಯ ಮಟ್ಟಕ್ಕೆ ಇಳಿಯಲಿಲ್ಲ. ಕಾಯುತ್ತಿರುವ ಶಿಕ್ಷಕಿಗೆ ತೊಂದರೆಯಾಗುತ್ತದೆಂಬ ಅಳುಕು ಹೋಗಿ, ಬೆಲೆ ಕೊಟ್ಟಿದ್ದೇವೆಂಬ ನೆಮ್ಮದಿ ಅದರ ಸ್ಥಾನವನ್ನು ಹಿಡಿಯಿತು. ಅನುಕೂಲಸ್ಥನಿಗೆ ರದ್ದು ಶುಲ್ಕವೂ ಹೀಗೆಯೇ ಬರಿಯ ಬೆಲೆಯಾಗುತ್ತದೆ. ಬಡವನಿಗೆ ಮಾತ್ರ ದಂಡವಾಗಿ ಉಳಿಯುತ್ತದೆ. ಅಳುಕನ್ನು ಹಣಕ್ಕೆ ಮಾರಬಾರದು. ಮನುಷ್ಯರ ನಡುವಿನ ಎಷ್ಟೋ ವ್ಯವಹಾರಗಳನ್ನು ಕಾಯ್ದಿರುವುದು ಆ ಅಳುಕೇ.

ಇಲ್ಲಿಂದ ಟ್ರಸ್ಟುಗಳ ಕರ್ತವ್ಯದ ಪ್ರಶ್ನೆ ಏಳುತ್ತದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಸಮಾಲೋಚನೆಯು ಔಷಧದಾನಕ್ಕೂ ಅಭಯದಾನಕ್ಕೂ ಸೇರುವಂಥದು. ಹೆದರಿದ ಮನಸ್ಸಿಗೆ ಹೆದರಬೇಡವೆಂದು ಹೇಳುವುದೇ ಅದರ ಅರ್ಧ ಕೆಲಸ. ಅಂಥ ಕೊಠಡಿಯ ಬಾಗಿಲಲ್ಲಿ ದಂಡದ ಫಲಕವನ್ನು ತೂಗುಹಾಕುವುದು ಅಭಯದ ಪಕ್ಕದಲ್ಲಿಯೇ ಭಯವನ್ನು ನಿಲ್ಲಿಸಿದಂತೆ. ತಪ್ಪಿದವರಿಂದ ಪಡೆದ ಹಣವನ್ನು ಔಷಧದಾನದ ನಿಧಿಗೆ ಸೇರಿಸಿದರೆ ದೋಷವಿಲ್ಲವಲ್ಲ ಎಂಬ ಸಲಹೆಯೂ ಬರಬಹುದು. ಇದು ಮೇಲುನೋಟಕ್ಕೆ ಸುಂದರ, ಆದರೆ ಒಪ್ಪತಕ್ಕದ್ದಲ್ಲ. ಪರರ ಹಿತಕ್ಕಾಗಿ ತನ್ನದನ್ನು ತಾನಾಗಿ ಬಿಟ್ಟುಕೊಡುವುದು ದಾನ. ಬಲವಂತದಿಂದ ಬಂದದ್ದು ದಾನವಾಗದು. ದಂಡದ ಹಣವನ್ನು ದಾನದ ರಸೀತಿಯಲ್ಲಿ ಬರೆಯುವ ಟ್ರಸ್ಟು ಲೆಕ್ಕಪುಸ್ತಕದಲ್ಲಿಯೂ ಧರ್ಮದಲ್ಲಿಯೂ ತಪ್ಪು ಬರೆದಂತಾಗುತ್ತದೆ.

ದಂಡವಿಲ್ಲದೆ ಶಿಸ್ತನ್ನು ಕಾಪಾಡುವುದು ಹೇಗೆ? ಮಾರ್ಗಗಳಿವೆ, ಅವು ದುಬಾರಿಯೂ ಅಲ್ಲ. ಹಿಂದಿನ ದಿನ ಒಂದು ದೂರವಾಣಿ ಕರೆ ಅಥವಾ ಸಂದೇಶ ಹೋಗಬೇಕು. ಮೊಬೈಲು ಸಂದೇಶದಿಂದ ನೆನಪಿಸಿದಾಗ ಹಾಜರಾಗುವವರ ಸಂಖ್ಯೆ ಹೆಚ್ಚುತ್ತದೆಂದು 2013ರ ಕಾಕ್ರೇನ್ ಪರಿಶೀಲನೆ ಕಂಡುಕೊಂಡಿದೆ. ಕೂಡಲೇ ಬರಬಲ್ಲ ಸ್ಥಳೀಯರ ಒಂದು ಕಾಯುವ ಪಟ್ಟಿ ಇರಬೇಕು. ಮಾಲೂರಿನವರು ಬರಲಾಗದಿದ್ದರೆ ಕೋಲಾರ ಪೇಟೆಯವರೊಬ್ಬರನ್ನು ಅರ್ಧ ತಾಸಿನಲ್ಲಿ ಕರೆಸಿಕೊಳ್ಳುವಂತಿರಬೇಕು. ದೂರದಿಂದ ಬರುವವರಿಗೆ ಬಸ್ಸಿನ ವೇಳೆಗೆ ಹೊಂದುವ ನಡುಹಗಲಿನ ತಾಸುಗಳನ್ನು ಮೀಸಲಿಡಬೇಕು. ಬರಲಾಗದ ದಿನ ದೂರವಾಣಿಯಲ್ಲಿ ಹದಿನೈದು ನಿಮಿಷ ಮಾತನಾಡುವ ಅವಕಾಶವಿದ್ದರೆ ಚಿಕಿತ್ಸೆಯ ಎಳೆ ಕಡಿಯುವುದಿಲ್ಲ. ಮತ್ತೆ ಮತ್ತೆ ತಪ್ಪಿಸಿಕೊಳ್ಳುವವರನ್ನು ಹಣ ಕೇಳುವುದಕ್ಕೆ ಬದಲಾಗಿ ಕಾರಣ ಕೇಳಬೇಕು. ಕಾರಣ ಸಮಯಕ್ಕೆ ಸಂಬಂಧಿಸಿದ್ದಾದರೆ ಸಮಯವನ್ನು ಬದಲಿಸಬೇಕು, ರೋಗಕ್ಕೆ ಸಂಬಂಧಿಸಿದ್ದಾದರೆ ಚಿಕಿತ್ಸೆಯನ್ನು. ಸಮಾಲೋಚಕರಿಗೆ ಟ್ರಸ್ಟು ದಿನದ ಗೌರವಧನವನ್ನು ನಿಗದಿಪಡಿಸಿ ಕೊಡಬೇಕೇ ವಿನಾ ತಲೆ ಎಣಿಸಿ ಕೊಡಬಾರದು. ಆಗ ಖಾಲಿ ತಾಸಿನ ಭಾರವು ಸಮಾಲೋಚಕನ ಮೇಲೂ ಬೀಳದೆ ರೋಗಿಯ ಮೇಲೂ ಬೀಳದೆ, ಅದನ್ನು ಹೊರಬಲ್ಲ ದಾನಿಗಳ ಮೇಲೆ ಬೀಳುತ್ತದೆ.

ಕುಟುಂಬಗಳ ಕರ್ತವ್ಯವೂ ಅಷ್ಟೇ ಸ್ಪಷ್ಟ. ಖಾಸಗಿ ಸಮಾಲೋಚಕರಲ್ಲಿ ಮೊದಲ ಭೇಟಿಯಲ್ಲಿಯೇ ಮೂರು ಮಾತುಗಳನ್ನು ಸಂಕೋಚವಿಲ್ಲದೆ ಕೇಳಿಕೊಳ್ಳಬೇಕು: ಎಷ್ಟು ಮುಂಚಿತವಾಗಿ ತಿಳಿಸಬೇಕು, ತಿಳಿಸದಿದ್ದರೆ ಎಷ್ಟು ಕೊಡಬೇಕು, ಅನಾರೋಗ್ಯ, ಸಾವು ಮತ್ತು ಸಂಪರ್ಕ ಕಡಿತಗಳಿಗೆ ವಿನಾಯಿತಿ ಇದೆಯೇ. ಬರಲಾಗದೆಂದು ಗೊತ್ತಾದ ಗಳಿಗೆಯಲ್ಲಿಯೇ ತಿಳಿಸಬೇಕು. ನಾಚಿಕೆಯಿಂದ ಮೌನವಾಗಿರುವುದು ಸಂಕೋಚದ ಸ್ವಭಾವವೆನಿಸಿದರೂ ಪರಿಣಾಮದಲ್ಲಿ ಅದು ಅಪಹರಣವೇ. ಶುಲ್ಕದ ಬೇಡಿಕೆ ಬಂದಾಗ ಆ ವೇಳೆಗೆ ಬೇರೆಯವರು ಬಂದರೇ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಕಷ್ಟವಿದ್ದರೆ ಬರವಣಿಗೆಯಲ್ಲಿ ತಿಳಿಸಿ ಮನ್ನಾ ಮಾಡುವಂತೆಯೋ ಕಂತಿನಲ್ಲಿ ಪಡೆಯುವಂತೆಯೋ ಕೋರಬಹುದು. ಒಳ್ಳೆಯ ಸಮಾಲೋಚಕ ಆ ಮಾತನ್ನೇ ಮುಂದಿನ ಭೇಟಿಯಲ್ಲಿ ಚಿಕಿತ್ಸೆಯ ವಿಷಯವನ್ನಾಗಿ ಮಾಡಿಕೊಳ್ಳುತ್ತಾನೆ. ತಪ್ಪು ತಮ್ಮದೇ ಆಗಿದ್ದು, ನಿಯಮ ತಿಳಿದಿದ್ದು, ತಾಸು ಖಾಲಿ ಹೋಗಿದ್ದರೆ ಗೊಣಗದೆ ಕೊಡುವುದು ಧರ್ಮ. ಯಾವ ಸಂದರ್ಭದಲ್ಲಿಯೂ ಬಾಕಿಗೆ ಹೆದರಿ ಚಿಕಿತ್ಸೆಯನ್ನು ಬಿಡಬಾರದು. ಖಾಸಗಿ ಶುಲ್ಕವನ್ನು ಹೊರಲಾಗದವರಿಗೆ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ, ಟಮಕದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಇವೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿಮಾನಸ್ ಸಹಾಯವಾಣಿಯು 14416 ಸಂಖ್ಯೆಯಲ್ಲಿ ಹಗಲು ರಾತ್ರಿ, ಕನ್ನಡದಲ್ಲಿಯೂ, ಉಚಿತವಾಗಿ ದೊರೆಯುತ್ತದೆ. ಸರ್ಕಾರ ನಡೆಸುವ ಅಥವಾ ಸರ್ಕಾರದ ನೆರವು ಪಡೆಯುವ ಸೇವೆಗಳಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬನ ಹಕ್ಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 18ನೆಯ ಪ್ರಕರಣ ಹೇಳುತ್ತದೆ.

ಕೋಲಾರವು ಗಂಗರ ಮೊದಲ ರಾಜಧಾನಿಯಾದ ಕುವಲಾಲಪುರ. ಆ ರಾಜ್ಯದ ಸ್ಥಾಪನೆಯ ಹಿಂದೆ ಸಿಂಹನಂದಿ ಆಚಾರ್ಯರ ಕೃಪೆಯಿತ್ತೆಂಬ ಸಂಪ್ರದಾಯವನ್ನು 12ನೆಯ ಶತಮಾನದ ಕಲ್ಲೂರಗುಡ್ಡದ ಶಾಸನ ವಿವರವಾಗಿ ಹೇಳುತ್ತದೆ. ಆಚಾರ್ಯರು ಗಂಗ ಸಹೋದರರಿಗೆ ವಿಧಿಸಿದ ಕಟ್ಟಳೆಗಳಲ್ಲಿ, ಮೀರಿದರೆ ಕುಲವೇ ಕೆಡುವುದೆಂದು ಎಚ್ಚರಿಸಿದವುಗಳಲ್ಲಿ, ಎರಡು ಇಲ್ಲಿ ಸ್ಮರಣೀಯ. ಒಂದು, ನುಡಿದುದನ್ನು ತಪ್ಪಬಾರದು. ಇನ್ನೊಂದು, ಕೊರತೆಯಲ್ಲಿರುವವರಿಗೆ ಕೊಡದೆ ಇರಬಾರದು. ಇವೆರಡನ್ನು ಅವರು ಒಂದೇ ಉಪದೇಶದಲ್ಲಿ ಇರಿಸಿದರೆಂಬುದು ಗಮನಾರ್ಹ. ಮೊದಲನೆಯದನ್ನು ಮಾತ್ರ ಹಿಡಿದವನು ಬಾರದ ರೋಗಿಯ ಮೇಲೆ ದಂಡದ ಚೀಟಿ ಬರೆಯುತ್ತಾನೆ. ಎರಡನೆಯದನ್ನು ಮಾತ್ರ ಹಿಡಿದವನು ಪರರ ತಾಸನ್ನು ಬಿಟ್ಟಿಯೆಂದು ಬಗೆಯುತ್ತಾನೆ. ವೇಳೆ ಕೊಟ್ಟ ಮೇಲೆ ನುಡಿ ನಡೆಸುವ ಹೊಣೆ ಕುಟುಂಬಗಳದು, ನಡೆಸಲಾಗದವನ ಕೊರತೆಯನ್ನು ಅರಿಯುವ ಹೊಣೆ ಚಿಕಿತ್ಸಾಲಯದ್ದು. ಟ್ರಸ್ಟಿನ ಸಭೆಯಲ್ಲಿ ನಿಯಮಪತ್ರವನ್ನು ಸಿದ್ಧಪಡಿಸುವವರು ದಂಡದ ಮೊತ್ತವನ್ನು ನಿರ್ಣಯಿಸುವ ಮೊದಲು, ಬಾರದೆ ಹೋದವನಿಗೆ ಮರುದಿನ ಕರೆ ಮಾಡಿ ವಿಚಾರಿಸುವವರು ಯಾರೆಂಬುದನ್ನು ನಿರ್ಣಯಿಸುವುದು ಲೇಸು.